508 ಪಂದ್ಯ ಆಡಿದವರು ಫೇಲಾದವರೇ?

ಫುಟ್‌ಬಾಲ್ ಅಂದ ಕೂಡಲೇ ನಮ್ಮ ಬಾಯಿಗೆ ಬರೋದು ಗೋಲು ಹೊಡೆದವರ ಹೆಸರು. ಜರ್ಮನಿ ಅಂದ್ರೆ ಗೆರ್ಡ್ ಮುಲ್ಲರ್, ಕ್ಲಿನ್ಸ್‌ಮನ್. ವಿಲ್ಲಿ ಲಾಂಡ್‌ಗ್ರಾಫ್ ಅಂದ್ರೆ "ಯಾರಪ್ಪಾ ಅದು?" ಅಂತೀರಿ.

ಅವರು 1968ರಲ್ಲಿ ರೂರ್ ನದಿಯ ಮ್ಯೂಲ್‌ಹೈಮ್ ಊರಿನಲ್ಲಿ ಹುಟ್ಟಿದವರು. ಕಲ್ಲಿದ್ದಲು, ಉಕ್ಕಿನ ಸೀಮೆ ಅದು. ಎತ್ತರ ಬರೀ 166 ಸೆಂಟಿಮೀಟರ್. ಆಡುತ್ತಿದ್ದದ್ದು ಬಲಗಡೆಯ ಬ್ಯಾಕ್ ಆಗಿ. ಎಸ್ಸೆನ್, ಹೋಮ್‌ಬುರ್ಗ್, ಗ್ಯೂಟರ್ಸ್‌ಲೋ, ಕಡೆಗೆ ಆಖೆನ್, ಹೀಗೆ ನಾಲ್ಕು ಊರಿನ ತಂಡ ಕಂಡರು. ಜರ್ಮನಿಯ ಎರಡನೇ ದರ್ಜೆ ಲೀಗಿನಲ್ಲಿ ಆಡಿದ ಪಂದ್ಯಗಳು 508. ಅಷ್ಟು ಬೇರೆ ಯಾರೂ ಆಡಿಲ್ಲ. ಮೊದಲನೇ ದರ್ಜೆಯಲ್ಲಿ ಎಷ್ಟು? ಸೊನ್ನೆ!

ಇದನ್ನು ಹೇಳಿದಾಗ ನಮ್ಮ ತರಗತಿಯ ಒಬ್ಬ "ಹಾಗಾದ್ರೆ ಫೇಲಾದ ಹಾಗೇ ಅಲ್ವಾ" ಅಂದುಬಿಟ್ಟ. ಎಲ್ಲರೂ ನಕ್ಕರು. ಅದಕ್ಕೇ ಈ ಬರಹ.

ಲೆಕ್ಕ ಮಾಡಿ ನೋಡಿ. ಆ ಲೀಗಿನಲ್ಲಿ ಈಗ 18 ತಂಡ, ವರ್ಷಕ್ಕೆ ಒಂದೊಂದು ತಂಡಕ್ಕೆ 34 ಪಂದ್ಯ. ಒಂದೂ ತಪ್ಪಿಸದೆ ಆಡಿದರೂ 508 ಆಗೋಕೆ ಹತ್ತಿರ ಹತ್ತಿರ 15 ವರ್ಷ ಬೇಕು. ಬ್ಯಾಕ್ ಆಟಗಾರನ ಕೆಲಸವೇ ಎದುರಾಳಿಯ ಕಾಲಿನಿಂದ ಚೆಂಡು ಕಸಿಯೋದು. ಸ್ವಲ್ಪ ತಡವಾದರೆ ಫೌಲು, ಹಳದಿ ಕಾರ್ಡು. ಕಾರ್ಡು ಜಾಸ್ತಿಯಾದರೆ ಮುಂದಿನ ಪಂದ್ಯಕ್ಕೆ ಹೊರಗೆ. ಇದರ ಮೇಲೆ ಕಾಲು ನೋವು, ಹಿಮ, ಕೆಸರು. ಗೋಲು ಹೊಡೆಯುವವನು ಹತ್ತು ಸಲ ತಪ್ಪಿ ಒಂದು ಸಲ ಹೊಡೆದರೂ ಹೀರೋ. ಬ್ಯಾಕ್ ಹತ್ತು ಸಲ ತಡೆದು ಒಂದು ಸಲ ತಪ್ಪಿದರೆ ಬೈಗುಳ. ಇದು ಯಾವ ನ್ಯಾಯ?

ಎರಡನೇ ದರ್ಜೆ ಅಂತ ಹಗುರ ಮಾಡಬೇಡಿ. 2004ರಲ್ಲಿ ಆಖೆನ್ ಜರ್ಮನ್ ಕಪ್ ಫೈನಲ್ ಮುಟ್ಟಿ ಬ್ರೆಮೆನ್ ತಂಡಕ್ಕೆ 3-2ರಲ್ಲಿ ಸೋತಿತು. (ಹತ್ತು ವರ್ಷ ಹಿಂದೆ ಎಸ್ಸೆನ್ ಫೈನಲ್‌ನಲ್ಲಿ ಸೋತದ್ದೂ ಬ್ರೆಮೆನ್‌ಗೇ!) ಬ್ರೆಮೆನ್ ಆ ವರ್ಷ ಲೀಗ್ ಕೂಡ ಗೆದ್ದಿದ್ದರಿಂದ, ಕಪ್ ಗೆದ್ದವರಿಗೆ ಸಿಗುವ ಯುಇಎಫ್ಎ ಕಪ್ ಜಾಗ ಆಖೆನ್‌ಗೆ ಸಿಕ್ಕಿತು. ಎರಡನೇ ದರ್ಜೆಯ ತಂಡ ಹೊರದೇಶದ ತಂಡಗಳ ಜೊತೆ ಆಡಿತು.

2006ರಲ್ಲಿ ಆಖೆನ್ 36 ವರ್ಷಗಳ ನಂತರ ಮೊದಲನೇ ದರ್ಜೆಗೆ ಏರಿತು. ಆದರೆ ಲಾಂಡ್‌ಗ್ರಾಫ್‌ಗೆ ಆಗ 38 ತುಂಬುತ್ತಾ ಬಂದಿತ್ತು. ಅವರು ತಂಡದ ಜೊತೆ ಮೇಲೆ ಹೋಗಲಿಲ್ಲ, ಶಾಲ್ಕೆ ಕ್ಲಬ್ಬಿನ ಎರಡನೇ ತಂಡದಲ್ಲಿ ಹುಡುಗರ ಜೊತೆ ಆಡೋಕೆ ಹೋದರು. ಒಂದೇ ಒಂದು ಪಂದ್ಯವಾದರೂ ಮೇಲೆ ಆಡಬೇಕಿತ್ತು ಅಂತ ಮೊದಲು ನನಗೂ ಅನ್ನಿಸಿ ಬೇಜಾರಾಯಿತು. ಆಮೇಲೆ ಯೋಚಿಸಿದೆ, ಕನಿಕರಕ್ಕೆ ಕೊಟ್ಟ ಒಂದು ಪಂದ್ಯದಿಂದ ಆ 508ಕ್ಕೆ ಏನು ಬಂದೀತು? ಆಖೆನ್ ಅಂತೂ 2007ರಲ್ಲಿ ಮತ್ತೆ ಕೆಳಗಿಳಿಯಿತು.

ಫೇಲು ಅಂದ ಗೆಳೆಯ ಉತ್ತರ ಬರೆದುಕೊಡಲಿ. ಇದರ ಪಕ್ಕದಲ್ಲೇ ಜಾಗ ಬಿಟ್ಟಿದ್ದೇವೆ, ಅಂಟಿಸೋಣ.