ಜ್ಞಾನದ ಪಹಣಿ ಯಾರ ಹೆಸರಿನಲ್ಲಿದೆ?



ಹೊಲದ ವಿಷಯ ಬಂದರೆ ನಾವು ಮೊದಲು ಕೇಳುವ ಮಾತು ಒಂದೇ: ಪಹಣಿ ಯಾರ ಹೆಸರಿನಲ್ಲಿದೆ? ಉಳುವವನು ಯಾರೇ ಆಗಲಿ, ಬೆಳೆ ಎಷ್ಟೇ ಚೆನ್ನಾಗಿರಲಿ, ಕಾಗದದಲ್ಲಿ ಹೆಸರಿಲ್ಲದಿದ್ದರೆ ಒಂದಲ್ಲ ಒಂದು ದಿನ ಹೊಲ ಕೈಬಿಡುತ್ತದೆ. ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಂಶೋಧನೆಯ ವಿಷಯ ಬಂದಾಗ ಮಾತ್ರ ನಾವು ಈ ಪ್ರಶ್ನೆ ಕೇಳುವುದೇ ಇಲ್ಲ. ವಿಜ್ಞಾನಿಗಳು ದೊಡ್ಡವರು, ಗಾಜಿನ ಕಟ್ಟಡದೊಳಗೆ ಏನೋ ಮಾಡ್ತಾರೆ, ನಮಗ್ಯಾಕೆ ಅಂತ ಸುಮ್ಮನಾಗುತ್ತೇವೆ. ಇಲ್ಲವೇ 'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಅಂತ ಬೈದು ಮುಂದೆ ಹೋಗುತ್ತೇವೆ. ಅದು ಯಾರದೋ ದುಡ್ಡಲ್ಲ ಸ್ವಾಮಿ, ನಮ್ಮದು. ನಾವು ಕೊಳ್ಳುವ ಡೀಸೆಲ್ಲು, ಸೋಪು, ಪಂಪ್‌ಸೆಟ್ಟಿನ ಬಿಡಿಭಾಗ, ಎಲ್ಲದರ ಮೇಲೂ ಕಟ್ಟುವ ತೆರಿಗೆಯಿಂದಲೇ ಆ ಕಟ್ಟಡಗಳು ಎದ್ದಿರುವುದು.

ಅಂಥ ಒಂದು ಸಂಸ್ಥೆಯ ಕಥೆ ಹೇಳುತ್ತೇನೆ. ಅದು ನಮ್ಮ ದೇಶದ್ದಲ್ಲ, ಇಂಗ್ಲೆಂಡಿನ ಕೇಂಬ್ರಿಜ್ ಊರಿನದು. ಜೀವಿಗಳ ಒಳಗುಟ್ಟನ್ನು ಹುಡುಕುವ, ಅದಕ್ಕೆ ಬೇಕಾದ ಹೊಸ ವಿಧಾನಗಳನ್ನು ಕಂಡುಹಿಡಿಯುವ ಮಾಲಿಕ್ಯುಲರ್ ಬಯಾಲಜಿ ಪ್ರಯೋಗಾಲಯ ಅಂತ ಅದರ ಹೆಸರು. ಅಲ್ಲಿನ ಸರಕಾರದ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅದನ್ನು ಸಾಕುತ್ತದೆ. ಅದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಜನರ ದುಡ್ಡಿನಲ್ಲಿ ಬೆಳೆದ ಫಸಲು ಯಾರ ಕಣಜ ಸೇರಿತು ಅನ್ನುವ ಲೆಕ್ಕ ಅಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿದೆ.

ತಾಳ್ಮೆಯ ಬೇಸಾಯ

1947ರಲ್ಲಿ ಅದು ಶುರುವಾದಾಗ ಇದ್ದವರು ಇಬ್ಬರೇ: ಆಸ್ಟ್ರಿಯಾದಿಂದ ಬಂದಿದ್ದ ಮ್ಯಾಕ್ಸ್ ಪೆರುಟ್ಜ್, ಮತ್ತು ಜಾನ್ ಕೆಂಡ್ರ್ಯೂ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಅನ್ನುವ ವಸ್ತು ಒಳಗೆ ಹೇಗೆ ಕಟ್ಟಿಕೊಂಡಿದೆ ಅಂತ ನೋಡಲು ಪೆರುಟ್ಜ್ 1937ರಲ್ಲೇ ಕೈ ಹಾಕಿದ್ದರು. ಅದರ ರೂಪ ಕಣ್ಣಿಗೆ ಬಿದ್ದದ್ದು 1959ರಲ್ಲಿ. ಇಪ್ಪತ್ತೆರಡು ವರ್ಷ! ನಡುವೆ 'ಇನ್ನೂ ಏನೂ ಬಂದಿಲ್ಲವಲ್ಲ, ಅನುದಾನ ನಿಲ್ಲಿಸಿ' ಅಂತ ಯಾರಾದರೂ ಹಟ ಹಿಡಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತೆಂಗಿನ ಸಸಿ ಇಟ್ಟವನು ಮಾರನೇ ವರ್ಷ ಕಾಯಿ ಕೇಳುವುದಿಲ್ಲ. ಆ ಮಟ್ಟಿನ ಬುದ್ಧಿ ಅಲ್ಲಿನ ಸರಕಾರಕ್ಕೆ ಇತ್ತು. 1962ರಲ್ಲಿ ಆ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ ಪ್ರಯೋಗಾಲಯಕ್ಕೆ ಸ್ವಂತ ಕಟ್ಟಡವೂ ಆಯಿತು.

ಒಳಗಿನ ಬಾಳು ಹೇಗಿತ್ತು? ಪೆರುಟ್ಜ್ 1979ರವರೆಗೆ ಅಲ್ಲಿಗೆ ಹಿರಿಯರು. ಆದರೂ ಕುರ್ಚಿ ಬಿಟ್ಟು ಏಳದ ಸಾಹೇಬರಾಗಲಿಲ್ಲ, ತಮ್ಮ ಸಂಶೋಧನೆಯನ್ನು ಕೈಬಿಡಲಿಲ್ಲ. ಒಬ್ಬೊಬ್ಬರ ಕೆಳಗೆ ಇರುವ ತಂಡ ಸಣ್ಣದು. ದೊಡ್ಡ ಯಂತ್ರಗಳು ಹಂಚಿಕೊಂಡು ಬಳಸುವಂಥವು. ಊರಿನ ಒಂದೇ ಕಣದಲ್ಲಿ ಸರದಿ ಮೇಲೆ ಒಕ್ಕಣೆ ಮಾಡಿದ ಹಾಗೆ. ಮಹಡಿ ಮೇಲೆ ಒಂದು ಕ್ಯಾಂಟೀನು. ಅದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದವರು ಪೆರುಟ್ಜರ ಮಡದಿ ಗಿಸೆಲಾ. ಬೆಳಗಿನ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಟೀ, ಮೂರಕ್ಕೂ ಎಲ್ಲರೂ ಅಲ್ಲಿಗೇ ಬರಬೇಕು, ಒಂದೇ ಮೇಜಿನಲ್ಲಿ ಕೂತು ಮಾತಾಡಬೇಕು ಅನ್ನುವುದು ಆ ಏರ್ಪಾಡಿನ ಉದ್ದೇಶ. ಒಬ್ಬನಿಗೆ ತೋಚದ ದಾರಿ ಪಕ್ಕದವನಿಗೆ ತೋಚುತ್ತಿದ್ದದ್ದು ಅಲ್ಲೇ.

ಅಲ್ಲಿದ್ದ ಫ್ರೆಡ್ ಸ್ಯಾಂಗರ್ ಎರಡು ನೊಬೆಲ್ ಪಡೆದವರು, 1958ರಲ್ಲಿ ಒಂದು, 1980ರಲ್ಲಿ ಇನ್ನೊಂದು. ನಡುವಿನ ಎಷ್ಟೋ ವರ್ಷ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಆದರೂ ಪ್ರಯೋಗದ ಮೇಜು ಬಿಟ್ಟು ಕದಲಲಿಲ್ಲ. 1977ರಲ್ಲಿ ಡಿಎನ್‌ಎ ಅನ್ನುವ ಜೀವದ ಬರಹವನ್ನು ಅಕ್ಷರ ಬಿಡಿಸಿ ಓದುವ ವಿಧಾನ ಕೊಟ್ಟರು. ಮನುಷ್ಯನ ಪೂರ್ತಿ ಬರಹ ಓದುವ ಕೆಲಸ 2003ರಲ್ಲಿ ಮುಗಿದದ್ದು ಆ ವಿಧಾನದಿಂದಲೇ. ನಮ್ಮ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ 1999ರಲ್ಲಿ ಅಮೆರಿಕ ಬಿಟ್ಟು, ಸಂಬಳ ಕಡಿಮೆಯಾದರೂ ಸರಿ ಅಂತ ಅಲ್ಲಿಗೆ ಹೋದರು. ಅವಸರಪಡಿಸದೆ ಕೆಲಸ ಮಾಡಲು ಬಿಡುವ ಜಾಗ ಅದು ಅನ್ನುವುದೇ ಕಾರಣ. 2009ರಲ್ಲಿ ಅವರಿಗೂ ನೊಬೆಲ್ ಬಂತು.

ಬೇಲಿ ಹಾಕದ ಹೊಲ

ಇಷ್ಟು ಚೆನ್ನಾಗಿ ಬೆಳೆದ ಬೆಳೆ ಏನಾಯಿತು? ಅರ್ಜೆಂಟೀನಾದಿಂದ ಬಂದಿದ್ದ ಸೀಸರ್ ಮಿಲ್‌ಸ್ಟೀನ್, ಜರ್ಮನಿಯ ಜಾರ್ಜ್ ಕೋಲರ್ ಇಬ್ಬರೂ ಸೇರಿ 1975ರಲ್ಲಿ ಒಂದು ವಿಧಾನ ಕಂಡುಕೊಂಡರು. ರೋಗದ ವಿರುದ್ಧ ಹೋರಾಡುವ ಪ್ರತಿಕಾಯವನ್ನು ನಮ್ಮ ದೇಹದ ಕೆಲವು ಕಣಗಳು ತಯಾರಿಸುತ್ತವೆ. ಆದರೆ ಹೊರಗೆ ತೆಗೆದರೆ ಆ ಕಣ ಬಹಳ ದಿನ ಬದುಕುವುದಿಲ್ಲ. ಕ್ಯಾನ್ಸರಿನ ಕಣವೋ, ಸಾಯುವುದೇ ಇಲ್ಲ, ಬೆಳೆಯುತ್ತಲೇ ಇರುತ್ತದೆ. ಇಲಿಯಿಂದ ತೆಗೆದ ಈ ಎರಡು ಜಾತಿ ಕಣಗಳನ್ನು ಅವರು ಒಂದು ಮಾಡಿದರು. ನಾವು ಗಟ್ಟಿ ಬೇರಿನ ಕಾಡುಮಾವಿಗೆ ರುಚಿಯ ಮಾವು ಕಸಿ ಕಟ್ಟುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ. ಒಂದರ ಬಾಳಿಕೆ, ಇನ್ನೊಂದರ ಗುಣ. ಒಂದೇ ನಮೂನೆಯ ಪ್ರತಿಕಾಯ ಬೇಕಾದಷ್ಟು ಸಿಗತೊಡಗಿತು. ಇವತ್ತು ದನದ ಕಾಲುಬಾಯಿ ಜ್ವರ ಪತ್ತೆ ಮಾಡುವ ಪರೀಕ್ಷೆಯಿಂದ ಹಿಡಿದು ಕ್ಯಾನ್ಸರ್ ಔಷಧಿವರೆಗೆ ಎಲ್ಲೆಲ್ಲೂ ಇದೇ ವಿದ್ಯೆ.

ಮಿಲ್‌ಸ್ಟೀನ್ ಈ ವಿಷಯವನ್ನು ತಮ್ಮ ಕೌನ್ಸಿಲ್ಲಿಗೆ ಮೊದಲೇ ತಿಳಿಸಿದ್ದರು. ಪೇಟೆಂಟ್ ನೋಡಿಕೊಳ್ಳುತ್ತಿದ್ದ ಸರಕಾರಿ ನಿಗಮ, ಇದರಿಂದ ಸದ್ಯಕ್ಕೆ ಏನೂ ಪ್ರಯೋಜನ ಕಾಣುತ್ತಿಲ್ಲ ಅಂತ 1976ರಲ್ಲಿ ಷರಾ ಬರೆದು ಕೈತೊಳೆದುಕೊಂಡಿತು. ಮಿಲ್‌ಸ್ಟೀನ್ ಕೇಳಿದವರಿಗೆಲ್ಲ ತಮ್ಮ ಕಣಗಳನ್ನು ಕೊಟ್ಟರು. ನಾವು ಪಕ್ಕದ ಮನೆಯವರಿಗೆ ಬಿತ್ತನೆ ಬೀಜ ಕೊಟ್ಟಂತೆ. ಹಾಗೆ ಪಡೆದವರಲ್ಲಿ ಅಮೆರಿಕದ ವಿಸ್ಟಾರ್ ಸಂಸ್ಥೆಯೂ ಒಂದು. ಕೆಲವೇ ವರ್ಷದಲ್ಲಿ ಅಲ್ಲಿನವರು ಇಂಥ ಪ್ರತಿಕಾಯಗಳ ಮೇಲೆ ತಮ್ಮ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡರು. 1979ರಲ್ಲಿ ಅಧಿಕಾರಕ್ಕೆ ಬಂದ ಥ್ಯಾಚರ್ ಸರಕಾರ ಆಮೇಲೆ ಕೆಂಡಾಮಂಡಲವಾಯಿತು. ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. 1984ರಲ್ಲಿ ಮಿಲ್‌ಸ್ಟೀನ್, ಕೋಲರ್ ಇಬ್ಬರಿಗೂ ನೊಬೆಲ್ ಬಂತು. ಮಾನ ಸಿಕ್ಕಿತು, ಪಹಣಿ ಸಿಗಲಿಲ್ಲ.

ಗೇಣಿಗೆ ಕೊಟ್ಟ ಹೊಲ

ಹಾಗಾದರೆ ಪೇಟೆಂಟ್ ಮಾಡಿಸಿಬಿಟ್ಟರೆ ಎಲ್ಲಾ ಸರಿಹೋಯಿತೇ? ಅದನ್ನೂ ನೋಡೋಣ.

ಇಲಿಯ ಪ್ರತಿಕಾಯ ಮನುಷ್ಯನ ಮೈಗೆ ಸರಿಯಾಗಿ ಒಗ್ಗುವುದಿಲ್ಲ. ಅದನ್ನು ಒಗ್ಗಿಸುವ ದಾರಿಯನ್ನು 1986ರಲ್ಲಿ ತೋರಿಸಿದವರು ಅದೇ ಪ್ರಯೋಗಾಲಯದ ಗ್ರೆಗ್ ವಿಂಟರ್. ಈ ಸಲ ಸಂಸ್ಥೆ ಎಚ್ಚೆತ್ತು ಪೇಟೆಂಟ್ ಮಾಡಿಸಿತು. ಮುಂದೆ ಅವರು ಕಟ್ಟಿದ ಇನ್ನೊಂದು ವಿಧಾನದಿಂದ ಸಂಧಿವಾತಕ್ಕೆ ಹ್ಯುಮಿರಾ ಅನ್ನುವ ಔಷಧಿ ಬಂತು. 2002ರಲ್ಲಿ ಅದಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ರಾಯಲ್ಟಿಯ ಲೆಕ್ಕಕ್ಕೆ ಲಂಡನ್ನಿನಲ್ಲಿ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು, 2005ರಲ್ಲಿ ರಾಜಿಯಾಯಿತು. ಕೌನ್ಸಿಲ್ಲಿಗೂ ದೊಡ್ಡ ಗಂಟು ಬಂತು. 2013ರಲ್ಲಿ ಪ್ರಯೋಗಾಲಯದ ಹೊಸ ಕಟ್ಟಡ ಉದ್ಘಾಟನೆಯಾಯಿತಲ್ಲ, 21.2 ಕೋಟಿ ಪೌಂಡಿನದು, ಅದರಲ್ಲಿ ಒಂದು ಪಾಲು ಈ ರಾಯಲ್ಟಿ ಹಣವೇ. 2018ರಲ್ಲಿ ವಿಂಟರ್‌ಗೂ ನೊಬೆಲ್ ಬಂತು.

ಸಂಸ್ಥೆಗೆ ಗೇಣಿ ಬಂತು, ಸಂತೋಷ. ರೋಗಿಗೆ ಏನು ಬಂತು? ಹ್ಯುಮಿರಾ 2022ರ ಒಂದೇ ವರ್ಷದಲ್ಲಿ 2,100 ಕೋಟಿ ಡಾಲರಿಗೂ ಮೇಲೆ ವ್ಯಾಪಾರ ಮಾಡಿತು. ಮಾರುವ ಕಂಪನಿ ಅದರ ಸುತ್ತ ನೂರಕ್ಕೂ ಹೆಚ್ಚು ಪೇಟೆಂಟುಗಳ ಮುಳ್ಳುಬೇಲಿ ಕಟ್ಟಿತ್ತು. ಹಾಗಾಗಿ ಅಮೆರಿಕದ ಪೇಟೆಗೆ ಪೈಪೋಟಿಯ ಔಷಧಿ ಕಾಲಿಟ್ಟದ್ದು 2023ರ ಜನವರಿಯಲ್ಲಿ. ಅದೇ ಔಷಧಿಯನ್ನು ಅಹಮದಾಬಾದಿನ ಜೈಡಸ್ ಕಂಪನಿ 2014ರಲ್ಲೇ ಇಲ್ಲಿ ತಯಾರಿಸಿ, ಅಮೆರಿಕದ ಬೆಲೆಯ ಸುಮಾರು ಐದನೇ ಒಂದು ಪಾಲಿಗೆ ಮಾರಲು ಶುರು ಮಾಡಿತ್ತು. ಅಂದರೆ ಕಡಿಮೆ ಬೆಲೆಗೆ ಮಾಡಲು ಆಗುತ್ತಿತ್ತು.

ಇಲ್ಲಿ ಒಂದು ನ್ಯಾಯದ ಮಾತೂ ಇದೆ. ಪೇಟೆಂಟ್ ಇಲ್ಲದಿದ್ದರೆ ವರ್ಷಾನುಗಟ್ಟಲೆ ಪರೀಕ್ಷೆಗೆ ಯಾವ ಕಂಪನಿ ದುಡ್ಡು ಹಾಕುತ್ತೆ ಅಂತ ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಕಿದ ಬಂಡವಾಳ, ಅದಕ್ಕೊಂದು ಲಾಭ ಬರಲಿ. ಹೊಲ ಗೇಣಿಗೆ ಕೊಡುವುದು ತಪ್ಪಲ್ಲ, ಕರಾರು ಬರೆಯದೆ ಕೊಡುವುದು ತಪ್ಪು. ಜನರ ಹಣದಲ್ಲಿ ಹುಟ್ಟಿದ ವಿದ್ಯೆಯನ್ನು ಕೊಡುವಾಗ, ಅದರಿಂದ ಮಾಡಿದ ಮಾಲನ್ನು ಎಷ್ಟಕ್ಕೆ ಮಾರಬಹುದು ಅನ್ನುವ ಒಂದು ಸಾಲು ಕರಾರಿನಲ್ಲಿ ಯಾಕಿರಬಾರದು?

ಗೋಮಾಳ ಕಾದವರು

ಮೂರನೇ ದಾರಿಯೂ ಇದೆ. ಅದನ್ನು ತೋರಿಸಿದ ಜಾನ್ ಸಲ್ಸ್ಟನ್ ಕೂಡ ಅದೇ ಪ್ರಯೋಗಾಲಯದಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತಾ ವರ್ಷಗಟ್ಟಲೆ ಕೂತವರು. ಮನುಷ್ಯನ ಡಿಎನ್‌ಎ ಓದುವ ಕೆಲಸ ಬಂದಾಗ, 1996ರಲ್ಲಿ ಬರ್ಮುಡಾದಲ್ಲಿ ಸೇರಿದ ವಿಜ್ಞಾನಿಗಳ ಸಭೆಯಲ್ಲಿ ಅವರೂ ಮುಂದೆ ನಿಂತು ಒಂದು ಕಟ್ಟಳೆ ಮಾಡಿಸಿದರು: ಓದಿದ್ದನ್ನು 24 ಗಂಟೆಯೊಳಗೆ ಜಗತ್ತಿಗೆಲ್ಲ ಬಿಟ್ಟಿಯಾಗಿ ತೆರೆದಿಡಬೇಕು. 1998ರಲ್ಲಿ ಸೆಲೆರಾ ಅನ್ನುವ ಖಾಸಗಿ ಕಂಪನಿ ತಾನೇ ಮೊದಲು ಓದಿ ಮುಗಿಸುತ್ತೇನೆ ಅಂತ ಹೊರಟಿತು. ಇವರು ಹಗಲೂ ರಾತ್ರಿ ದುಡಿದು ಆ ಜ್ಞಾನವನ್ನು ಊರೊಟ್ಟಿನ ಗೋಮಾಳವಾಗಿ ಉಳಿಸಿದರು. ಗಮನಿಸಿ, ಮಿಲ್‌ಸ್ಟೀನ್ ಕೂಡ ಬಿಟ್ಟುಕೊಟ್ಟರು, ಸಲ್ಸ್ಟನ್ ಕೂಡ ಬಿಟ್ಟುಕೊಟ್ಟರು. ಒಬ್ಬರ ಹಿಂದೆ ಕಾವಲಿರಲಿಲ್ಲ, ಇನ್ನೊಬ್ಬರ ಹಿಂದೆ ಕಟ್ಟಳೆಯಿತ್ತು. ಕಾವಲಿಲ್ಲದ ಗೋಮಾಳ ಒತ್ತುವರಿಯಾಗುವುದು ನಮ್ಮೂರಲ್ಲೂ ಗೊತ್ತಿರುವ ಸಂಗತಿಯೇ.

ನಮ್ಮ ಬೀಜದ ಪಾಕೀಟು

ಇದಕ್ಕೂ ನಮಗೂ ಏನು ಸಂಬಂಧ ಅನ್ನುವವರು ಹತ್ತಿಯ ಬೀಜದ ಪಾಕೀಟು ತೆಗೆದು ನೋಡಿ. ಮೊನ್ಸಾಂಟೊದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಮೊದಮೊದಲು 450 ಗ್ರಾಮಿನ ಪಾಕೀಟಿಗೆ 1,600 ರೂಪಾಯಿಗೂ ಮೇಲೆ ತೆತ್ತಿದ್ದೇವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ರಾಯಲ್ಟಿ. 2006ರಲ್ಲಿ ಆಂಧ್ರ ಸರಕಾರ ಜಗಳಕ್ಕೆ ಬಿದ್ದು 750ಕ್ಕೆ ಇಳಿಸಿತು. 2016ರಲ್ಲಿ ಕೇಂದ್ರ ಸರಕಾರ ರಾಯಲ್ಟಿಯನ್ನು ಪಾಕೀಟಿಗೆ 163 ರೂಪಾಯಿಯಿಂದ 49ಕ್ಕೆ ತಂದಿತು. 2020ರಲ್ಲಿ ಅದನ್ನು ಸೊನ್ನೆ ಮಾಡಿತು. ಇಳಿಸಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಹಾಗಾದರೆ ಅಷ್ಟು ವರ್ಷ ಸಾಲ ಮಾಡಿ ತೆತ್ತ ದುಡ್ಡಿನ ಲೆಕ್ಕ ಯಾರು ಕೊಡ್ತಾರೆ?

2001ರ ಸಸ್ಯತಳಿ ಮತ್ತು ರೈತರ ಹಕ್ಕು ಕಾಯಿದೆಯಲ್ಲಿ ನಾವು ಬೆಳೆದ ಬೀಜ ಉಳಿಸಲು, ಬಿತ್ತಲು, ಹಂಚಲು, ಬ್ರಾಂಡ್ ಹೆಸರಿಲ್ಲದೆ ಮಾರಲು ಹಕ್ಕಿದೆ. ಆದರೆ ಬಂದದ್ದೆಲ್ಲ ಹೈಬ್ರಿಡ್. ಉಳಿಸಿಕೊಂಡರೆ ಎರಡನೇ ಬೆಳೆಗೆ ಗುಣ ಒಡೆಯುತ್ತದೆ. ಹಕ್ಕು ಕಾಗದದಲ್ಲಿ ಉಳಿಯಿತು.

ಉಳಿಸಿ ಬಿತ್ತಬಹುದಾದ ಬಿಟಿ ಹತ್ತಿಯನ್ನು ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮುಂತಾದ ಸರಕಾರಿ ಸಂಸ್ಥೆಗಳು ಸೇರಿ ತಯಾರಿಸಿದ್ದವು. ಬಿಕಾನೇರಿ ನರ್ಮಾ ಅಂತ ಹೆಸರು. 2009ರಲ್ಲಿ ಹೊಲಕ್ಕೆ ಬಂದು ಅದೇ ವರ್ಷ ಹಿಂದೆ ಹೋಯಿತು, ಯಾಕೆಂದರೆ ಅದರೊಳಗೆ ಮೊನ್ಸಾಂಟೊದ ವಂಶವಾಹಿ ಸಿಕ್ಕಿತು. ಜನರ ಹಣದ ಆ ದುಡಿಮೆಯಿಂದ ರೈತನ ಕೈಗೆ ಒಂದು ಹಿಡಿ ಬೀಜವೂ ಉಳಿಯಲಿಲ್ಲ.

ಆದರೆ ಇದೇ ನಾಡಿನಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿ ಲಕ್ಷ್ಮಣಯ್ಯ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕಟ್ಟಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ಬೀಜ ರೈತರ ವಾಡೆಯಲ್ಲಿ ಉಳಿಯಿತು, ಬೀಗರ ಮನೆಗೆ ಹೋಯಿತು, ಊರಿಂದ ಊರಿಗೆ ಹಬ್ಬಿತು. ಯಾರೂ ರಾಯಲ್ಟಿ ಕೇಳಲಿಲ್ಲ.

ಇವತ್ತು ಬೆಂಗಳೂರಿನ ಜಿಕೆವಿಕೆ ಆವರಣದಲ್ಲೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. 2009ರಲ್ಲಿ ಶುರುವಾದ ಸಿ-ಕ್ಯಾಂಪ್ ಅನ್ನುವ ತಂತ್ರಜ್ಞಾನ ಸಂಸ್ಥೆಯೂ ಇದೆ. ಒಳ್ಳೆಯ ಕೆಲಸ ನಡೆಯಲಿ, ಪೆರುಟ್ಜರಿಗೆ ಸಿಕ್ಕ ಇಪ್ಪತ್ತೆರಡು ವರ್ಷ ನಮ್ಮ ಹುಡುಗ ಹುಡುಗಿಯರಿಗೂ ಸಿಗಲಿ. ಅನುದಾನ ಕಡಿಯಿರಿ ಅಂತ ನಾವು ಹೇಳುವುದಿಲ್ಲ, ಹೆಚ್ಚಿಸಿ ಅಂತಲೇ ಹೇಳೋಣ. ಆದರೆ ವೋಟು ಕೇಳಲು ಬಂದವರನ್ನೂ, ಕೃಷಿಮೇಳದ ವೇದಿಕೆ ಹತ್ತುವವರನ್ನೂ ಮೂರು ಮಾತು ಕೇಳೋಣ. ಜನರ ಹಣದ ವಿದ್ಯೆಯನ್ನು ಒಂದೇ ಕಂಪನಿಗೆ ಒಪ್ಪಿಸುವುದಿಲ್ಲ ಅಂತ ಬರೆದುಕೊಡುತ್ತೀರಾ? ಕರಾರಿನಲ್ಲಿ ಮಾರಾಟದ ಬೆಲೆಗೆ ಮಿತಿ ಹಾಕುತ್ತೀರಾ? ಉಳಿಸಿ ಬಿತ್ತಬಹುದಾದ ತಳಿಗೆ ಮೊದಲ ಜಾಗ ಕೊಡುತ್ತೀರಾ?

ಉತ್ತರ ಬಾಯಿಮಾತಿನಲ್ಲಿ ಬೇಡ. ಕಾಗದದಲ್ಲಿ ಕೊಡಲಿ, ಸಹಿ ಹಾಕಿ ಕೊಡಲಿ.