ಮೌಸಿನ ಆಕಾರ ಮತ್ತು ಮಣಿಕಟ್ಟಿನ ಆರೋಗ್ಯ

ಪಾದರಕ್ಷೆ ಕೊಳ್ಳಲು ಹೋದವರು ಅದನ್ನು ಮೆಟ್ಟಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ಹಾಕಿ ನೋಡದೆ ಹಣ ಎಣಿಸುವುದಿಲ್ಲ. ಆದರೆ ದಿನಕ್ಕೆ ಏಳೆಂಟು ಗಂಟೆಗಳ ಕಾಲ ಅಂಗೈಯ ಕೆಳಗಿರುವ ಕಂಪ್ಯೂಟರಿನ ಮೌಸನ್ನು ಹಾಗೆ ಪರೀಕ್ಷಿಸಿ ಆರಿಸುವವರು ವಿರಳ. ಕಛೇರಿಯಲ್ಲಿ ಯಂತ್ರದೊಡನೆ ಬಂದದ್ದೇ ಪ್ರಸಾದ. ಮನೆಯಲ್ಲಿ ಅಗ್ಗಕ್ಕೆ ದೊರೆತದ್ದೇ ಲಾಭ. ಊರು ಬಿಟ್ಟು ಮಹಾನಗರಕ್ಕೆ ಬಂದು, ಬೆರಳ ತುದಿಯಿಂದಲೇ ಅನ್ನ ಸಂಪಾದಿಸುವ ನಮ್ಮವರಲ್ಲಿ ಈ ಉದಾಸೀನ ಸಲ್ಲದು.

ಮೌಸ್ ಹುಟ್ಟಿದ್ದು 1964ರಲ್ಲಿ, ಅಮೆರಿಕೆಯ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟರ ಕಲ್ಪನೆಗೆ ಬಿಲ್ ಇಂಗ್ಲಿಷ್ ರೂಪ ಕೊಟ್ಟ ಆ ಮೊದಲ ಉಪಕರಣವು ಎರಡು ಚಕ್ರಗಳುಳ್ಳ ಒಂದು ಮರದ ಪೆಟ್ಟಿಗೆ. ಕೈಯ ಸೌಖ್ಯದ ವಿಚಾರ ಮೊಳೆತದ್ದು ಬಹಳ ತಡವಾಗಿ. 1998ರಲ್ಲಿ ಆಪಲ್ ಸಂಸ್ಥೆಯು ಐಮ್ಯಾಕ್ ಕಂಪ್ಯೂಟರಿನೊಡನೆ ನೀಡಿದ ದುಂಡನೆಯ ಮೌಸ್ ಕಣ್ಣಿಗೆ ಅಂದ. ಆದರೆ ಅದರ ಮುಂಭಾಗ ಯಾವುದೆಂದು ಹಿಡಿದ ಕೈಗೆ ತಿಳಿಯುತ್ತಿರಲಿಲ್ಲ. 2000ದಲ್ಲಿ ಸಂಸ್ಥೆಯೇ ಅದನ್ನು ಕೈಬಿಟ್ಟಿತು.

ಮಣಿಕಟ್ಟಿನ ರಚನೆ ಸೂಕ್ಷ್ಮವಾದುದು. ಎಂಟು ಕಿರುಮೂಳೆಗಳು ಮತ್ತು ಅವುಗಳ ಮೇಲೆ ಅಡ್ಡಲಾಗಿ ಬಿಗಿದಿರುವ ಪಟ್ಟಿ, ಇವುಗಳ ನಡುವಣ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ಒಂದು ಪ್ರಮುಖ ನರವೂ ಸಾಗಬೇಕು. ಕೈ ದೀರ್ಘಕಾಲ ಮೇಲಕ್ಕೆ ಬಾಗಿಯೇ ಇದ್ದರೆ ಸುರಂಗದೊಳಗಣ ಒತ್ತಡ ಏರುತ್ತದೆ. ನರ ನಲುಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಬೇರೆ ನರವಿರುವುದರಿಂದ ಅದು ಪಾರಾಗುತ್ತದೆ. ರಾತ್ರಿ ಎಚ್ಚೆತ್ತು ಕೈ ಕೊಡವಿಕೊಳ್ಳುವವರು ವೈದ್ಯರನ್ನು ಕಾಣಲು ತಡಮಾಡಬಾರದು. ಎಲ್ಲ ದೋಷವನ್ನೂ ಮೌಸಿನ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಗಳಲ್ಲಿಯೂ ಈ ತೊಂದರೆ ತೋರುವುದುಂಟು. ಮೌಸಿನ ಪಾತ್ರವೆಷ್ಟೆಂಬುದರಲ್ಲಿ ಸಂಶೋಧಕರಿಗೇ ಒಮ್ಮತವಿಲ್ಲ.

ಮಗ ಆಟದ ಮೌಸಿಗೆ ಮೂರು ನಾಲ್ಕು ಸಾವಿರ ಸುರಿದನೆಂದು ಸಿಡುಕುವ ತಂದೆ ಒಮ್ಮೆ ಅದನ್ನು ಕೈಯಲ್ಲಿ ಹಿಡಿದು ನೋಡಲಿ. ಕೈಯ ಬಗೆಗೆ ಕಛೇರಿಗಳು ತೋರದ ಕಾಳಜಿಯನ್ನು ಈ ಆಟಗಾರರು ತೋರಿದ್ದಾರೆ. ಅಂಗೈಯನ್ನು ಪೂರ್ತಿ ಊರುವವನಿಗೆ ಉಬ್ಬಿದ ಬೆನ್ನಿನ ಉದ್ದನೆಯ ಮೌಸ್ ಬೇಕು. ಬೆರಳ ತುದಿಯಲ್ಲಷ್ಟೇ ಹಿಡಿಯುವವನಿಗೆ ಚಿಕ್ಕದು, ಹಗುರವಾದದ್ದು ಸಾಕು. ಹಿಂದೆ ನೂರು ಗ್ರಾಂ ಮೀರುತ್ತಿದ್ದ ತೂಕವನ್ನು ಕೆಲವು ತಯಾರಕರು ಅರವತ್ತರ ಆಸುಪಾಸಿಗೆ ಇಳಿಸಿದ್ದಾರೆ. ಸೂಚಿಯ ವೇಗವನ್ನು ತಗ್ಗಿಸಿ, ಮಣಿಕಟ್ಟಿನ ಬದಲು ಮೊಣಕೈಯಿಂದ ತೋಳನ್ನೇ ಆಡಿಸುವ ರೂಢಿಯೂ ಅವರಲ್ಲಿ ಹಲವರಿಗುಂಟು. ಬಣ್ಣದ ದೀಪಗಳು, ಹತ್ತೆಂಟು ಗುಂಡಿಗಳು ಬರಿಯ ಆಡಂಬರ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಬಿಡುವಿಲ್ಲದೆ ರಾತ್ರಿಯೆಲ್ಲ ಆಡುವ ಕೈಯನ್ನು ಎಂಥ ಆಕಾರವೂ ಕಾಯಲಾರದು.

ಕಛೇರಿಗಳಲ್ಲಿ ಅಳತೆಯನ್ನು ನಿರ್ಧರಿಸುವುದು ಟೆಂಡರು. ಆರಡಿ ಎತ್ತರದ ವ್ಯವಸ್ಥಾಪಕರಿಗೂ ಕೌಂಟರಿನಲ್ಲಿ ಕುಳಿತ ಪುಟ್ಟ ಕೈಯ ಸಹೋದ್ಯೋಗಿನಿಗೂ ಒಂದೇ ಮೌಸ್! ಭಾರತೀಯರ ದೇಹದ ಅಳತೆಗಳನ್ನು ಸಂಗ್ರಹಿಸಿ ದೇಬಕುಮಾರ್ ಚಕ್ರವರ್ತಿಯವರು ರಚಿಸಿದ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ. ಖರೀದಿ ಮಾಡುವವರು ಎರಡು ಅಳತೆಗಳನ್ನಾದರೂ ತರಿಸಿದರೆ ಬೊಕ್ಕಸವೇನೂ ಬರಿದಾಗದು.

ಲೆಕ್ಕದ ಕೆಲಸದವರಿಗೆ ಇನ್ನೊಂದು ತೊಡಕುಂಟು. ಕೀಲಿಮಣೆಯ ಬಲತುದಿಯಲ್ಲಿರುವ ಅಂಕಿಗಳ ಗುಂಪು ಮೌಸನ್ನು ಮತ್ತಷ್ಟು ದೂರಕ್ಕೆ ತಳ್ಳುವುದರಿಂದ ಮೊಣಕೈ ಪಕ್ಕೆಯನ್ನು ಬಿಟ್ಟು ಸರಿದು, ಭುಜ ನೋಯುತ್ತದೆ. ಎರಡೂ ಪಕ್ಕ ಸಮನಾಗಿರುವ ಮೌಸನ್ನು ಎಡಗೈಗೆ ಒಗ್ಗಿಸಿಕೊಳ್ಳುವುದು ಇದಕ್ಕೊಂದು ಸುಲಭೋಪಾಯ. ಗುಂಡಿಗಳನ್ನು ಅದಲುಬದಲು ಮಾಡುವ ಏರ್ಪಾಡು ಕಂಪ್ಯೂಟರಿನಲ್ಲೇ ಇದೆ. ಮೊದಮೊದಲು ಕೈ ತಡವರಿಸುತ್ತದೆ, ಪಕ್ಕದವರು ನಗುತ್ತಾರೆ. ಕ್ರಮೇಣ ಬಲಗೈ ಅಂಕಿಗಳಿಗೂ ಲೇಖನಿಗೂ ಬಿಡುವಾಗುತ್ತದೆ.