ಮಳೆಯ ಕಥೆಯೂ ಶಾಲೆಯ ಮಕ್ಕಳೂ

ಮುಂಗಾರಿಗೆ ಮೊದಲೇ ಬೀಜಗೊಬ್ಬರಗಳ ಚಿಂತೆಯನ್ನು ಮಾಡತಕ್ಕ ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮೂರ ಮಕ್ಕಳಿಗೆ ಮಳೆಯ ವಿಷಯದಲ್ಲಿ ಎಷ್ಟು ತಿಳಿವಳಿಕೆಯುಂಟೆಂಬುದನ್ನೂ ವಿಚಾರಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಹಿಂದಿನವರು ಅಶ್ವಿನಿಯಿಂದ ವಿಶಾಖೆಯವರೆಗೆ ಒಂದೊಂದು ಮಳೆಯ ಗುಣವನ್ನೂ ಗಾದೆಯಾಗಿ, ಕಥೆಯಾಗಿ ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಯಾವ ಮಳೆಗೆ ಯಾವ ಬೀಜ, ಅದು ತಪ್ಪಿದರೆ ಮುಂದೇನು ಎಂಬುದೆಲ್ಲವೂ ಅದರಲ್ಲಿ ಅಡಗಿರುತ್ತಿತ್ತು. ರಾಗಿಯ ಹೊಲದಲ್ಲಿ ಅವರೆ, ಜೋಳಗಳ ಅಕ್ಕಡಿಸಾಲು ಹಾಕುವುದನ್ನೂ, ರಾಗಿ ಕೈಕೊಟ್ಟ ವರ್ಷ ಹುರುಳಿ ಬಿತ್ತಿ ಮನೆಗೆ ಕಾಳನ್ನೂ ದನಕ್ಕೆ ಮೇವನ್ನೂ ಒದಗಿಸಿಕೊಳ್ಳುವುದನ್ನೂ ಅವರು ಕಲಿತುದು ಪುಸ್ತಕದಿಂದಲ್ಲ.

ಓದಿದವರಲ್ಲಿ ಕೆಲವರು ಇದನ್ನು ಮೂಢನಂಬಿಕೆಯೆಂದು ನಗುವರು. ಹಿರಿಯರಲ್ಲಿ ಕೆಲವರು ವೇದವಾಕ್ಯವೆಂದು ಹಿಡಿಯುವರು. ಎರಡೂ ನನಗೆ ಒಪ್ಪಿಗೆಯಿಲ್ಲ. ಸೂರ್ಯನು ಒಂದು ನಕ್ಷತ್ರದಲ್ಲಿರುವುದು ಸುಮಾರು 13½ ದಿನ. ಈ ಲೆಕ್ಕಕ್ಕೂ ಋತುವಿಗೂ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೀಳುವುದು. ಅದು ಅಲ್ಪವೇ ಸರಿ. ಆದರೆ ಈಗ ಭೂಮಂಡಲದ ಶಾಖವೇ ಏರುತ್ತಿದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಆದುದರಿಂದ ಸುರಿದರೆ ಒಮ್ಮೆಗೇ ಸುರಿಯುವ ಸಂಭವ ಹೆಚ್ಚು. 2023ರಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟುದನ್ನು ಯಾರೂ ಮರೆತಿರಲಾರರು. ಕಥೆಯೊಂದನ್ನೇ ನಂಬಿ ಬಿತ್ತುವ ಕಾಲವಿದಲ್ಲ; ಕಥೆಯನ್ನು ಬಿಟ್ಟರೆ ಮಕ್ಕಳು ಆಕಾಶವನ್ನು ನೋಡುವುದನ್ನೇ ಬಿಟ್ಟಾರು.

ಆದಕಾರಣ ಕಥೆಯ ಪಕ್ಕದಲ್ಲಿ ಅಳತೆಯೂ ಇರಲಿ. ತಳ ಸಮನಾಗಿಯೂ ಪಕ್ಕ ನೆಟ್ಟಗೂ ಇರುವ ಒಂದು ಗಾಜಿನ ಪಾತ್ರೆಯನ್ನು ಮರ, ಸೂರುಗಳ ಮರೆಯಿಲ್ಲದ ಬಯಲಿನಲ್ಲಿಟ್ಟು, ದಿನವೂ ಬೆಳಗ್ಗೆ 8.30ಕ್ಕೆ ಅಡಿಪಟ್ಟಿಯಿಂದ ಅಳೆದು ಗೋಡೆಯ ಮೇಲೆ ಬರೆಯಿಸಬಹುದು. 1 ಮಿಲಿಮೀಟರ್ ಮಳೆಯೆಂದರೆ ಒಂದು ಗುಂಟೆಗೆ ಸುಮಾರು 100 ಲೀಟರ್ ನೀರು. (ಪಾಠಕ್ಕೆ ಹೊತ್ತು ಸಾಲದೆನ್ನುವ ಉಪಾಧ್ಯಾಯರಿಗೆ, ಇದೇ ಲೆಕ್ಕದ ಪಾಠವೆಂದು ಹೇಳಬಹುದು.) ಮುದುಕರು ಆಯಾ ಮಳೆಯ ಕಥೆಯನ್ನು ಹೇಳಲಿ, ಮಕ್ಕಳು ಗೋಡೆಯ ಅಂಕಿಗಳನ್ನು ನೋಡಿ ಈ ವರ್ಷದ ಮಳೆಯ ಕಥೆಯನ್ನು ತಾವೇ ಕಟ್ಟಲಿ. ಹಳೆಯ ಗಾದೆ ಸುಳ್ಳಾಯಿತೆಂದು ಹುಡುಗನೊಬ್ಬನು ಅಂಕಿ ತೋರಿಸಿ ಹೇಳಿದರೆ ಅವನನ್ನು ಗದರಿಸಕೂಡದು.

ಶಾಲೆಯ ಸಮೀಪದಲ್ಲಿ ಜಮೀನುಳ್ಳವರು ಒಂದು ಗುಂಟೆಯನ್ನು ಬಿಟ್ಟುಕೊಟ್ಟರೆ ರಾಗಿ, ಅವರೆ, ಸೊಪ್ಪುಗಳನ್ನು ಮಕ್ಕಳೇ ಬೆಳೆದು ಮಧ್ಯಾಹ್ನದ ಊಟಕ್ಕೆ ಸೇರಿಸಿಕೊಳ್ಳುವರು. ತಾವು ಬೆಳೆದ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮಗುವನ್ನು ನಾನು ಕಂಡಿಲ್ಲ. ಶಾಲೆಗಳು ತೆರೆದ ಕೆಲವೇ ದಿನಗಳಲ್ಲಿ, ಜೂನ್ 8ರ ಸುಮಾರಿಗೆ, ಮೃಗಶಿರೆಯ ಮಳೆ ಹುಟ್ಟುವುದು. ಅಷ್ಟರೊಳಗೆ ಗುಂಟೆಯನ್ನು ಗೊತ್ತುಮಾಡಿ ಒಂದು ಸಾಲು ಉಳಿಸಿಕೊಟ್ಟಲ್ಲಿ ಬಿತ್ತನೆಯು ತಡವಾಗಲಾರದು.